ಯಾರಿದು, ಎಂಥದ್ದಿದು?

ಅಗರಖೇಡದ ನಮ್ಮ ಮನೆಯ ಪಡುವಣ ಗೋಡೆಯ ಪಕ್ಕ ನಾನು ನೆಟ್ಟ ಮಧುಮಾಲತಿ ಏಳು ತಿಂಗಳಾದರೂ ಬಳ್ಳಿಯಾಗಲಿಲ್ಲ. ಮೊಣಕಾಲೆತ್ತರದ ಪೊದೆಯಾಗಿ ನಿಂತುಬಿಟ್ಟಿತ್ತು. ನರ್ಸರಿಯವರು ಬೇರೆ ಗಿಡ ಕೊಟ್ಟರೆಂದು ಬೈದುಕೊಂಡೆ. ಒಂದು ಭಾನುವಾರ ಕಿತ್ತುಹಾಕಲು ಗುದ್ದಲಿಯನ್ನೂ ಹಿಡಿದಿದ್ದೆ.

ಈ ಬಳ್ಳಿ ಬೇಕಾಗಿದ್ದು ಆಯಿಗೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಕುಸಿಯಿತು. ಎತ್ತರದ ಜಾಗದಲ್ಲಿ ಸಿಮೆಂಟು ಇಟ್ಟಿಗೆಯ ಮನೆ ಎದ್ದಿತು. ಏಪ್ರಿಲ್ ಬಂದರೆ ಪಡುವಣ ಗೋಡೆ ಕಾದ ಹಂಚಿನಂತಾಗುತ್ತದೆ, ಆಯಿಯ ಮಂಚ ಇರುವುದು ಅದರ ಒಳಮಗ್ಗುಲಿಗೇ. ಆದರೂ ನಾನು ಗೋಡೆಯ ಬುಡದಲ್ಲೇ ಅಗೆಯಲು ಹೊರಟಾಗ ಆಕೆ ತಡೆದಳು. "ಗ್ವಾಡಿ ಬುಡಕ್ಕ ನೀರ ಹಾಕಬ್ಯಾಡೋ ತಮ್ಮಾ. ಬುಡ ಮೆತ್ತಗಾದ್ರ ಮನಿ ಕುಂಡ್ರತೈತಿ." ಹಳೆಯ ಮನೆಯಲ್ಲಿ ಮಲ್ಲಿಗೆ ಗೋಡೆಗೆ ತಾಗದೆ ಅಂಗಳದ ಹಂದರದ ಮೇಲೆ ಹಬ್ಬಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಅದು ಸೊಗಸಿಗೆ ಮಾಡಿದ್ದಲ್ಲ, ಮಣ್ಣಿನ ಗೋಡೆಯನ್ನು ಉಳಿಸಿಕೊಳ್ಳುವ ಲೆಕ್ಕ.

ನನ್ನ ಸಂಶೋಧನೆ ಕಂಪನಿ ಕಾಲದಲ್ಲಿ ಸಮುದ್ರ ದಾಟಿದ ಗಿಡಗಳ ಕುರಿತದ್ದು. ದಾಖಲೆಗಳಲ್ಲಿ ಹಡಗು ಸಿಗುತ್ತದೆ, ವರ್ಷ ಸಿಗುತ್ತದೆ. ಬಂದಿಳಿದ ಗಿಡ ಮೊದಲ ಎರಡು ಬೇಸಿಗೆ ಹೇಗೆ ಬದುಕಿತು ಎಂಬುದು ಅಪರೂಪಕ್ಕೆ ಸಿಗುತ್ತದೆ. 1816ರಲ್ಲಿ ಚೀನಾದ ಕ್ಯಾಂಟನ್ನಿನಿಂದ ಇಂಗ್ಲೆಂಡಿಗೆ ಹೋದ ವಿಸ್ಟೀರಿಯಾದ ಕಥೆ ಅಂಥದ್ದು. ಪೂರ್ವದೇಶದ ಗಿಡವೆಂದು ಅದನ್ನು ಬಿಸಿಯಾದ ಗಾಜಿನ ಮನೆಯಲ್ಲಿಟ್ಟರು, ಅದು ನುಸಿ ಹತ್ತಿ ಸೊರಗಿತು. ಅದಕ್ಕೆ ಬೇಕಾಗಿದ್ದದ್ದು ಹೊರಗಿನ ಗೋಡೆ ಮತ್ತು ಚಳಿ. ಇವತ್ತು ಇಂಗ್ಲೆಂಡಿನ ಮನೆಗಳ ಗೋಡೆ ತುಂಬ ನೇರಳೆ ಗೊಂಚಲು ಇಳಿಬಿಡುವುದು ಅದೇ ಬಳ್ಳಿ. ನಮ್ಮ ಬಿಸಿಲಿಗೆ ಅದು ತಾಳದು. ನಮಗೆ ಮಧುಮಾಲತಿಯೇ ಸರಿ.

ಗುದ್ದಲಿ ಕೆಳಗಿಡಿಸಿದವನು ರಂಫಿಯಸ್. ಜರ್ಮನಿಯಲ್ಲಿ ಹುಟ್ಟಿ ಡಚ್ ಕಂಪನಿಯ ನೌಕರನಾಗಿ ಈಗಿನ ಇಂಡೋನೇಷ್ಯಾದ ಅಂಬಾನ್ ದ್ವೀಪದಲ್ಲಿ ನೆಲೆಸಿದವನು. 1670ರಲ್ಲಿ ಕಣ್ಣು ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿ, ಮಗಳು ತೀರಿಕೊಂಡರು. 1687ರಲ್ಲಿ ಬೆಂಕಿ ಬಿದ್ದು ಚಿತ್ರಗಳು ಸುಟ್ಟವು. ಮತ್ತೆ ಸಿದ್ಧಪಡಿಸಿ ಕಳಿಸಿದ ಹಸ್ತಪ್ರತಿಯನ್ನು ಹೊತ್ತ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ಪ್ರತಿಯೊಂದು ಉಳಿದಿದ್ದರಿಂದ ಪುಸ್ತಕ ಉಳಿಯಿತು. ಅಚ್ಚಾಗಲು ಶುರುವಾದದ್ದು 1741ರಲ್ಲಿ, ಅವನು ಸತ್ತು 39 ವರ್ಷಕ್ಕೆ.

ಆ ಪುಸ್ತಕದಲ್ಲಿ ಮಧುಮಾಲತಿಯೂ ಇದೆ. ಎಳೆಯದರಲ್ಲಿ ಅದು ಪೊದೆ, ಆಮೇಲೆ ಇದ್ದಕ್ಕಿದ್ದಂತೆ ಉದ್ದನೆಯ ಕುಡಿ ಚಾಚಿ ಮರ ಹತ್ತುತ್ತದೆ ಎಂಬುದನ್ನು ಅವನು ಗಮನಿಸಿದ್ದ. ಮಲಯ ಹೆಸರು 'ಉದಾನಿ'. ಡಚ್ ಕಿವಿಗೆ ಅದು 'ಹೇಗೆ' ಎಂಬ ಅರ್ಥದ ತಮ್ಮ ಮಾತಿನಂತೆ ಕೇಳಿಸುತ್ತಿತ್ತು. ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ 'ಕ್ವಿಸ್ ಕ್ವಾಲಿಸ್' ಎಂದ, ಅಂದರೆ ಯಾರು, ಎಂಥದ್ದು. 1762ರಲ್ಲಿ ಲಿನೇಯಸ್ ಈ ಚೇಷ್ಟೆಯನ್ನೇ ಕುಲದ ಹೆಸರಾಗಿಸಿದ. ಈಗ ಸಸ್ಯಶಾಸ್ತ್ರಜ್ಞರು ಅದನ್ನು ಕಾಂಬ್ರೆಟಮ್ ಕುಲಕ್ಕೆ ಸೇರಿಸಿದ್ದಾರೆ. ನನಗೇನೋ ಹಳೆಯ ಹೆಸರೇ ಇಷ್ಟ. ಕಣ್ಣಿಲ್ಲದವನು ಮುನ್ನೂರು ವರ್ಷದ ಹಿಂದೆ ತಿಳಿದುಕೊಂಡದ್ದನ್ನು ಕಣ್ಣಿದ್ದ ನಾನು ಏಳು ತಿಂಗಳು ನೋಡಿಯೂ ತಿಳಿದಿರಲಿಲ್ಲ.

ಉಳಿದದ್ದನ್ನು ಹೇಳಿಕೊಟ್ಟವನು ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ. ಬಂದವನೇ ಯೂರಿಯಾ ಚೀಲ ನೋಡಿ ನಕ್ಕ. "ಇದನ್ನ ಹಾಕಿದ್ರ ಬರೇ ಎಲಿ ಬರ್ತಾವ." ಆಯಿಯ ಮಾತನ್ನು ಪಾಲಿಸಿ ಗೋಡೆಯಿಂದ ಒಂದೂವರೆ ಅಡಿ ದೂರ ನೆಟ್ಟದ್ದು ಮಾತ್ರ ಸರಿಯಾಗಿತ್ತು. ಗೋಡೆಗೆ ಅಂಟಿದ ನೆಲಕ್ಕೆ ಮಳೆ ಬೀಳುವುದು ಕಡಿಮೆ, ಅಲ್ಲಿ ಸಿಮೆಂಟಿನ ಚೂರೂ ಇರುತ್ತದೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆಂದು ಬುಡದ ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಮೇಲೆ ಜೋಳದ ಕಣಕಿ ಹೊದಿಸಿದ. ದಿನಾ ಚೊಂಬು ನೀರು ಚಿಮುಕಿಸುವುದನ್ನು ನಿಲ್ಲಿಸಿ, ವಾರಕ್ಕೆರಡು ಸಲ, ಗೋಡೆಗೆ ಬೆನ್ನಾದ ಬದಿಗೆ, ಆಳಕ್ಕಿಳಿಯುವಷ್ಟು ಹಾಕಿಸಿದ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತಂತಿ ಬಿಗಿದ, ಗಾಳಿಯಾಡಬೇಕಲ್ಲ. ಬುಡದಿಂದ ಎದ್ದ ಮರಿಗಳನ್ನು ಕಿತ್ತು ಗಟ್ಟಿಯಾದ ಎರಡೇ ಕುಡಿ ಉಳಿಸಿ, ಆಯಿಯ ಹಳೆ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದ. ಹೂ ಮುಗಿದ ಮೇಲೆ ಚಾಟ್ನಿ ಮಾಡು, ಹೂ ಬರುವುದು ಹೊಸ ಚಿಗುರಿಗೆ ಎಂದ. ದ್ರಾಕ್ಷಿಯವರಿಗೆ ಚಾಟ್ನಿ ಎಂದರೆ ಕತ್ತರಿ ಕೆಲಸ, ತಿನ್ನುವುದಲ್ಲ!

ಎರಡನೇ ಮಳೆಗಾಲಕ್ಕೆ ಕುಡಿ ಹೊರಟಿತು. ಎಲೆ ಉದುರಿದಲ್ಲಿ ತೊಟ್ಟಿನ ಬುಡ ಉಳಿದು ಗಟ್ಟಿ ಮುಳ್ಳಾಗುತ್ತದೆ, ಆ ಕೊಕ್ಕೆಯಿಂದಲೇ ಅದು ಆತುಕೊಂಡು ಏರುತ್ತದೆ. ತಂತಿಯ ಮೂರನೇ ಸಾಲು ಮುಟ್ಟಿದ ವಾರ ಮೊದಲ ಗೊಂಚಲು ಸಂಜೆಗೆ ಬಿಳಿಯಾಗಿ ಅರಳಿತು. ಗೋಡೆ ಪೂರ್ತಿ ಮುಚ್ಚಲು ಇನ್ನೂ ಎರಡು ವರ್ಷವಾದರೂ ಬೇಕು. ಆಯಿಯ ಮಂಚವನ್ನು ಈ ಬೇಸಿಗೆಗೂ ಪಡಸಾಲೆಗೇ ಎಳೆಯಬೇಕು.

ಮರುದಿನ ಆ ಹೂ ಗುಲಾಬಿ, ಅದರ ಮರುದಿನ ಕೆಂಪು. ಆಯಿ ಕೋಲೂರಿಕೊಂಡು ಬಂದು ಗೊಂಚಲನ್ನು ಕಣ್ಣ ಹತ್ತಿರ ಎಳೆದುಕೊಂಡಳು. "ಮೊನ್ನಿ ಬೆಳ್ಳಗಿತ್ತಲ್ಲೋ. ಇದು ಅದ ಹೂವೋ, ಬ್ಯಾರೆದೋ?"