ಎದೆಮಟ್ಟದ ನೀರು: ಭಾರದ ದೇಹ, ನೀರಿನ ವ್ಯಾಯಾಮ, ಒಂದು ಚಿಕ್ಕ ಇತಿಹಾಸ

1/7
"ತೂಕ ಇಳಿಸಿ. ದಿನಾ ಅರ್ಧ ಗಂಟೆ ವಾಕ್ ಮಾಡಿ."

ನಿಮ್ಮ ಮನೆಯಲ್ಲೂ ಯಾರಿಗಾದರೂ ಡಾಕ್ಟರ್ ಹೀಗೆ ಹೇಳಿರ್ತಾರೆ, ಅಲ್ವಾ? ಸಲಹೆ ಸರಿಯಾದದ್ದೇ. ಆದರೆ ನೂರು ಕಿಲೋ ಹತ್ತಿರ ತೂಕ ಇದ್ದು, ಮೊಣಕಾಲು ಆಗಲೇ ಸವೆದಿರೋರಿಗೆ ಆ ಅರ್ಧ ಗಂಟೆ ಅನ್ನೋದು ಶಿಕ್ಷೆ. ಅದರಲ್ಲೂ ನಮ್ಮ ನಂದೊಳ್ಳಿ ಕಡೆ ಮನೆಯಿಂದ ತೋಟಕ್ಕೆ ಇಳಿಬೇಕು, ತೋಟದಿಂದ ಮನೆಗೆ ಹತ್ತಬೇಕು. ಮಟ್ಟಸವಾದ ದಾರಿ ಹುಡುಕೋದೇ ಒಂದು ಕೆಲಸ. ನಮ್ಮ ದೊಡ್ಡಾಯಿ ಹೇಳೋದು ಇಷ್ಟೇ: "ಯಂಗೆ ಮೆಟ್ಲು ಹತ್ತಲೇ ಆಗ್ತಿಲ್ಲೆ ಕೂಸೆ, ವಾಕಿಂಗು ಎಲ್ಲಿಂದ ಮಾಡ್ಲಿ?"

ಇದು ಸೋಮಾರಿತನದ ಮಾತಲ್ಲ. ಮೊಣಕಾಲು ಸವೆತ ಇದ್ದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯ್ತು. ಮೈಯಿಂದ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆಯಾಗತ್ತೆ ಅಂತ ಅದು ತೋರಿಸಿತು. ಇದನ್ನೇ ತಿರುಗಿಸಿ ಓದಿ. ಹೆಚ್ಚಾದ ಒಂದೊಂದು ಕಿಲೋಗೂ ಮೊಣಕಾಲು ನಾಲ್ಕು ಪಟ್ಟು ಬೆಲೆ ಕಟ್ತಾ ಇದೆ. ಬಿಕಾಂ ಓದ್ತಿರೋ ನನಗೆ ಇದು ಚಕ್ರಬಡ್ಡಿ ಥರ ಕಾಣತ್ತೆ. ನಡೆಯದೆ ತೂಕ ಇಳಿಯಲ್ಲ, ತೂಕ ಇಳಿಯದೆ ನಡೆಯೋಕಾಗಲ್ಲ.

ಈ ಸುಳಿಯಿಂದ ಹೊರಗೆ ಬರೋಕೆ ಇರೋ ದಾರಿಗಳಲ್ಲಿ ಒಂದು ನೀರು. ಅದಕ್ಕೆ ಜಿಮ್‌ಗಳಿಗಿಂತ ಎಷ್ಟೋ ಹಳೆಯ ಇತಿಹಾಸ ಇದೆ. ಏಳು ಭಾಗ ಇದೆ, ಸೇವ್ ಮಾಡಿಟ್ಟುಕೊಂಡು ನಿಧಾನಕ್ಕೆ ಓದಿ. 👇

2/7
ಮೊದಲು ನೀರಿನ ಲೆಕ್ಕ.

ಹಳ್ಳಿಗಳಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ತಿದ್ದರು. ಆರ್ಕಿಮಿಡೀಸ್ ಹೆಸರು ಕೇಳದೇ ಇದ್ದವರಿಗೂ ಅವನ ನಿಯಮ ಗೊತ್ತಿತ್ತು. ಮುಳುಗಿದ ವಸ್ತು ಎಷ್ಟು ನೀರನ್ನ ಪಕ್ಕಕ್ಕೆ ಸರಿಸತ್ತೋ, ಅಷ್ಟು ನೀರಿನ ತೂಕದಷ್ಟು ಬಲ ಅದನ್ನ ಮೇಲಕ್ಕೆ ಎತ್ತತ್ತೆ. 1 ಲೀಟರ್ ಸರಿಸಿದರೆ ಸುಮಾರು 1 ಕಿಲೋ ಮಾಫಿ.

ಇಂಗ್ಲೆಂಡಿನ ಹ್ಯಾರಿಸನ್ ಮತ್ತು ಬುಲ್‌ಸ್ಟ್ರೋಡ್ ಅನ್ನೋ ಸಂಶೋಧಕರು 1987ರಲ್ಲಿ ಇದನ್ನ ಮನುಷ್ಯರ ಮೇಲೆ ಅಳೆದರು. ಅವರ ಲೆಕ್ಕವನ್ನ 100 ಕಿಲೋ ತೂಕದ ಒಬ್ಬರಿಗೆ ಹಾಕಿ ನೋಡಿ:
▪️ ಸೊಂಟದವರೆಗೆ ನೀರು: ಕಾಲಿನ ಮೇಲೆ ಸುಮಾರು 50 ಕಿಲೋ
▪️ ಎದೆಯವರೆಗೆ ನೀರು: ಸುಮಾರು 30 ಕಿಲೋ
▪️ ಕುತ್ತಿಗೆಯವರೆಗೆ ನೀರು: 10 ಕಿಲೋಗಿಂತ ಕಡಿಮೆ

ಇದು ಸುಮ್ಮನೆ ನಿಂತಾಗಿನ ಲೆಕ್ಕ. ಜೋರಾಗಿ ನಡೆದರೆ ಭಾರ ಮತ್ತೆ ಏರತ್ತೆ. ಸೊಂಟಮಟ್ಟದ ನೀರಲ್ಲಿ ಬಿರುಸಾಗಿ ನಡೆದರೆ ಮುಕ್ಕಾಲು ಭಾಗದವರೆಗೂ ಹೋಗಬಹುದು ಅಂತ 1992ರ ಅಳತೆ ಹೇಳತ್ತೆ. ಅದಕ್ಕೇ ನೀರಲ್ಲಿ ಮೊದಲ ಪಾಠ ನಿಧಾನ.

ಇನ್ನೊಂದು ವಿಷಯ. ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ದಪ್ಪ ಇರೋರು ತೆಳ್ಳಗಿರೋರಿಗಿಂತ ಸುಲಭವಾಗಿ ತೇಲ್ತಾರೆ. ನೆಲದ ಮೇಲೆ ಯಾವುದು ಹೊರೆಯೋ ನೀರಲ್ಲಿ ಅದೇ ಸೋರೆಬುರುಡೆ. ಇದೇ ತತ್ವ ಹಿಡಿದು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್‌ಕೆ 1942ರಲ್ಲಿ ಫುಟ್‌ಬಾಲ್ ಆಟಗಾರರನ್ನ ನೀರಲ್ಲಿ ಮುಳುಗಿಸಿ ತೂಗಿದರು. ತೂಕ ಜಾಸ್ತಿ ಅಂತ ಸೇನೆಗೆ ಬೇಡವಾಗಿದ್ದವರಲ್ಲಿ ಹೆಚ್ಚಿನವರ ಮೈಯಲ್ಲಿ ಕೊಬ್ಬು ಕಡಿಮೆಯೇ ಇತ್ತು, ಇದ್ದದ್ದು ಮಾಂಸಖಂಡ. ತಕ್ಕಡಿ ಹೇಳದೇ ಇದ್ದದ್ದನ್ನ ನೀರು ಹೇಳಿತು.

3/7
ಈಗ ನಮ್ಮ ನೆಲದ ಕಥೆಗೆ ಬರೋಣ.

ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಓದಿದರೆ ದಪ್ಪ ಇರೋರಿಗೆ ಬೇಜಾರಾಗತ್ತೆ. ಲೋಕದಲ್ಲಿ ನಿಂದನೆಗೆ ಒಳಗಾಗೋ ಎಂಟು ಥರದ ದೇಹಗಳ ಪಟ್ಟಿ ಅಲ್ಲಿದೆ. ಅತಿ ಎತ್ತರ, ಅತಿ ಕುಳ್ಳು, ಅತಿ ಕಪ್ಪು, ಅತಿ ಬಿಳುಪು ಎಲ್ಲ ಇದೆ, ಅತಿ ಸ್ಥೂಲ ಕೂಡ ಇದೆ. ಆಮೇಲೆ ಸ್ಥೂಲರ ದೋಷಗಳು ಬೇರೆ: ಆಯಸ್ಸು ಕಡಿಮೆ, ಚಲನೆ ನಿಧಾನ, ಬೆವರು ಜಾಸ್ತಿ, ಹಸಿವು ಬಾಯಾರಿಕೆ ಜಾಸ್ತಿ...

ಆದರೆ ಅದೇ ಗ್ರಂಥದ ಚಿಕಿತ್ಸಾಸ್ಥಾನಕ್ಕೆ ಬನ್ನಿ. 27ನೇ ಅಧ್ಯಾಯದಲ್ಲಿ ಊರುಸ್ತಂಭ ಅನ್ನೋ ಕಾಯಿಲೆ ಇದೆ. ಊರು ಅಂದರೆ ತೊಡೆ. ಕಫ ಮತ್ತು ಮೇದಸ್ಸು ಸೇರಿಕೊಂಡು ತೊಡೆ ಭಾರವಾಗಿ, ಬಿಗಿದು, ಹೆಜ್ಜೆ ಎತ್ತೋಕೇ ಆಗದ ಸ್ಥಿತಿ. ಆಯುರ್ವೇದದ ದೊಡ್ಡ ಅಸ್ತ್ರವಾದ ಪಂಚಕರ್ಮ ಈ ಕಾಯಿಲೆಗೆ ಹೊಂದಲ್ಲ ಅಂತ ಗ್ರಂಥವೇ ಹೇಳತ್ತೆ. ಹಾಗಾದ್ರೆ ಏನು ಮಾಡಬೇಕು? ಹೇಳಿರೋ ಉಪಾಯಗಳಲ್ಲಿ ಒಂದು ಹೀಗಿದೆ: ಅಪಾಯ ಇಲ್ಲದ, ತಣ್ಣಗಿನ ನೀರಿನ ನದಿಯಲ್ಲಿ ರೋಗಿಯನ್ನ ಪ್ರವಾಹಕ್ಕೆ ಎದುರಾಗಿ ಈಜಿಸಿ. ಇಲ್ಲಾಂದ್ರೆ ನಿಂತ ತಿಳಿನೀರಿನ ಸರೋವರದಲ್ಲಿ ಮತ್ತೆ ಮತ್ತೆ ಈಜಿಸಿ.

ಗಮನಿಸಿ, ಇದು ಸ್ನಾನ ಅಲ್ಲ, ತೀರ್ಥ ಅಲ್ಲ. ಎದುರು ನೀರಿನ ತಡೆಯನ್ನೇ ವ್ಯಾಯಾಮ ಮಾಡಿಕೊಳ್ಳೋದು. ಊರುಸ್ತಂಭವನ್ನ ಇವತ್ತಿನ ಯಾವ ಕಾಯಿಲೆಗೂ ನೇರ ಹೊಂದಿಸಬೇಕಿಲ್ಲ. ಆದರೆ ಕಾಲು ಎತ್ತಲಾರದವರನ್ನ ನೀರಿಗೆ ಇಳಿಸಿ ಚಲನೆ ಕೊಡಿಸೋ ಯೋಚನೆ ನಮ್ಮಲ್ಲಿ ಒಂದೂವರೆ ಸಾವಿರ ವರ್ಷಕ್ಕೂ ಹಿಂದೆಯೇ ಬರಹಕ್ಕೆ ಇಳಿದಿತ್ತು. ಬೈದದ್ದೂ ಆ ಗ್ರಂಥವೇ, ದಾರಿ ತೋರಿಸಿದ್ದೂ ಆ ಗ್ರಂಥವೇ.

4/7
ಹಾಗಾದ್ರೆ ಆ ದಾರಿಯಲ್ಲಿ ಯಾರು ನಡೆದರು?

ಹಳೆಗನ್ನಡ ಕಾವ್ಯ ಓದಿದವರಿಗೆ ಅಷ್ಟಾದಶ ವರ್ಣನೆ ಗೊತ್ತು. ಮಹಾಕಾವ್ಯ ಅಂದ ಮೇಲೆ 18 ವರ್ಣನೆ ಇರಬೇಕು, ಅದರಲ್ಲಿ ಜಲಕ್ರೀಡೆ ಒಂದು. ಕಲ್ಯಾಣ ಚಾಳುಕ್ಯರ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ರಾಜನ ಸ್ನಾನಕ್ಕೆ, ನೀರಾಟಕ್ಕೆ ಪ್ರತ್ಯೇಕ ಜಾಗ ಇದೆ. ಆದರೆ ಅಲ್ಲಿ ನೀರಿಗೆ ಇಳಿಯೋರು ರಾಜರು ಮತ್ತು ಚೆಲುವೆಯರು. ಮೊಣಕಾಲು ನೋಯೋ ಐವತ್ತರ ಹೆಂಗಸು ಜಲಕ್ರೀಡೆಯ ವರ್ಣನೆಗೆ ಪಾತ್ರವೇ ಅಲ್ಲ.

ಕಟ್ಟಡಗಳನ್ನ ನೋಡಿದರೆ ಮಾತ್ರ ಆಸೆ ಹುಟ್ಟತ್ತೆ. ಹಂಪಿಯ ಮೆಟ್ಟಿಲು ಪುಷ್ಕರಣಿ, ಲಕ್ಕುಂಡಿಯ ಮುಸುಕಿನ ಬಾವಿ, ಹಳೇಬೀಡಿನ ಹತ್ತಿರದ ಹುಲಿಕೆರೆ ಕಲ್ಯಾಣಿ. ಬೇಸಿಗೆಯಲ್ಲಿ ನೀರು ಎಷ್ಟೇ ಕೆಳಗಿಳಿದ್ರೂ ಕೈಗೆ ಸಿಗಲಿ ಅಂತ ಕಟ್ಟಿದ ಮೆಟ್ಟಿಲುಗಳವು, ವ್ಯಾಯಾಮಕ್ಕೆ ಅಂತಲ್ಲ. ಆದರೂ ಎರಡನೇ ಭಾಗದ ಲೆಕ್ಕ ನೆನಪಿಟ್ಟುಕೊಂಡು ಆ ಮೆಟ್ಟಿಲು ನೋಡಿ. ಒಂದೊಂದು ಮೆಟ್ಟಿಲು ಇಳಿದಂತೆ ಮೊಣಕಾಲು, ಸೊಂಟ, ಎದೆ. ಯಾರಿಗೆ ಎಷ್ಟು ಭಾರ ಕಳೀಬೇಕೋ ಅಷ್ಟು ಇಳಿದು ನಿಲ್ಲಬಹುದು. ಇವತ್ತಿನ ಚಿಕಿತ್ಸಾ ಕೊಳಗಳಲ್ಲಿ ಇಳಿಜಾರು ಮತ್ತು ಮೆಟ್ಟಿಲು ಇಡೋದೂ ಇದೇ ಕಾರಣಕ್ಕೆ.

(ಪಾಚಿ ಹಿಡಿದ ಹಳೇ ಕಲ್ಯಾಣಿಗೆ ಇಳಿಯೋಕೆ ಹೋಗಬೇಡಿ. ಅವು ಸಂರಕ್ಷಿತ ಸ್ಮಾರಕಗಳು, ಜಾರಿದ್ರೆ ಮೂಳೆ ಉಳಿಯಲ್ಲ.)

5/7
ಆಧುನಿಕ ಕಾಲದಲ್ಲಿ ನೀರು ಮತ್ತೆ ಔಷಧ ಆಗಿದ್ದು ಯುರೋಪಿನಲ್ಲಿ. ಪ್ರೀಸ್ನಿಟ್ಜ್, ಕ್ನೈಪ್, ಲೂಯಿ ಕೂನೆ, ಹೀಗೆ 19ನೇ ಶತಮಾನದ ಜಲಚಿಕಿತ್ಸಕರ ಸಾಲೇ ಇದೆ. ಕೂನೆಯ ಕಟಿಸ್ನಾನವನ್ನ ಗಾಂಧೀಜಿ ಬದುಕಿನುದ್ದಕ್ಕೂ ನಂಬಿದ್ದರು, 1942ರಲ್ಲಿ ಜೈಲಿನಲ್ಲಿ ಬರೆಯೋಕೆ ಶುರು ಮಾಡಿದ ಆರೋಗ್ಯದ ಪುಸ್ತಕದಲ್ಲೂ ಅದನ್ನ ವಿವರಿಸಿದ್ದಾರೆ. ನಮ್ಮ ರಾಜ್ಯದ ಪ್ರಕೃತಿ ಚಿಕಿತ್ಸೆಗೆ ಆ ಪರಂಪರೆಯ ನಂಟಿದೆ. ಉಜಿರೆಯ ಎಸ್‌ಡಿಎಂನಲ್ಲಿ ಅದಕ್ಕೆ ಪದವಿಯೇ ಇದೆ. ಆದರೆ ತೊಟ್ಟಿಯಲ್ಲಿ ಕೂತರೆ ದೇಹ ಓಡಾಡಲ್ಲ. ಅದು ಚಿಕಿತ್ಸೆ ಇರಬಹುದು, ವ್ಯಾಯಾಮ ಅಲ್ಲ.

ನೀರೊಳಗೆ ವ್ಯಾಯಾಮ ಅನ್ನೋದನ್ನ ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಮುಖ್ಯರಾದವರು ಲಾಸ್ ಏಂಜಲೀಸ್‌ನ ಮೂಳೆ ವೈದ್ಯ ಚಾರ್ಲ್ಸ್ ಲೋಮನ್. ಪಾರ್ಶ್ವವಾಯು ಆದ ಮಕ್ಕಳು ಷಿಕಾಗೋದ ಶಾಲೆಯೊಂದರಲ್ಲಿ ಮರದ ತೊಟ್ಟಿಯೊಳಗೆ ಕೈಕಾಲು ಆಡಿಸೋದನ್ನ ನೋಡಿ ಬಂದು, 1920ರ ದಶಕದಲ್ಲಿ ತಮ್ಮ ಆಸ್ಪತ್ರೆಯಲ್ಲೇ ಕೊಳ ಮಾಡಿಸಿದರು. 1937ರಲ್ಲಿ ಅದರ ಕ್ರಮವನ್ನ ಪುಸ್ತಕವಾಗಿಯೂ ತಂದರು.

ಅದೇ ಕಾಲಕ್ಕೆ, 1921ರಲ್ಲಿ ಪೋಲಿಯೊ ಅಂತ ಗುರುತಿಸಲಾದ ಕಾಯಿಲೆಯಿಂದ ಕಾಲಿನ ಶಕ್ತಿ ಕಳಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಬಂದರು. ಸುಮಾರು 31 ಡಿಗ್ರಿಯ ಬಿಸಿನೀರಿನ ಬುಗ್ಗೆ. ನೆಲದ ಮೇಲೆ ನಿಲ್ಲಲಾರದ ಕಾಲು ನೀರಲ್ಲಿ ಅಲುಗಾಡಿತು. 1926ರಲ್ಲಿ ಆ ಜಾಗವನ್ನೇ ಕೊಂಡರು, 1927ರಲ್ಲಿ ಅಲ್ಲಿ ಚಿಕಿತ್ಸೆಗೆ ಒಂದು ಪ್ರತಿಷ್ಠಾನ ಆಯ್ತು. ಮುಂದೆ ಸಂಧಿವಾತದವರು, ವಯಸ್ಸಾದವರು, ತೂಕ ಹೆಚ್ಚಿರೋರು ಮಾಡ್ತಿರೋ ನೀರಿನ ವ್ಯಾಯಾಮಕ್ಕೆ ಈ ಕೊಳಗಳೇ ಅಜ್ಜಿಮನೆ.

6/7
ಈಗ ಆ 1927 ಅನ್ನೋ ಇಸವಿಯನ್ನ ಇನ್ನೊಂದು ಕಡೆಯಿಂದ ನೋಡಿ.

ಮಾರ್ಚ್ 20, 1927. ಮಹಾಡದ ಚವದಾರ್ ಕೆರೆಯ ದಡಕ್ಕೆ ಡಾ. ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಒಂದು ಬೊಗಸೆ ನೀರು ಕುಡಿದರು. ಸಾರ್ವಜನಿಕ ದುಡ್ಡಿನ ಕೆರೆ, ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲೇ ಎಸ್.ಕೆ. ಬೋಲೆ ತಂದ ಠರಾವು ಬಾಂಬೆ ವಿಧಾನ ಪರಿಷತ್ತಿನಲ್ಲಿ ಪಾಸಾಗಿತ್ತು. ನಮ್ಮ ಉತ್ತರ ಕನ್ನಡ ಆಗ ಯಾವ ಸರ್ಕಾರದ ಕೆಳಗಿತ್ತು ಗೊತ್ತಾ? ಅದೇ ಬಾಂಬೆ. 1862ರಿಂದ 1956ರವರೆಗೆ. ಅಂದರೆ ಆ ಠರಾವು ಯಲ್ಲಾಪುರ, ಶಿರಸಿ, ಸಿದ್ದಾಪುರದ ಕೆರೆಗಳಿಗೂ ಸಲ್ಲಬೇಕಿತ್ತು. ಕಾಗದದ ಮೇಲೆ ತೆರೆದದ್ದು ದಡದಲ್ಲಿ ತೆರೆಯಲಿಲ್ಲ ಅನ್ನೋದಕ್ಕೇ ಮಹಾಡ್ ಬೇಕಾಯ್ತು. ಕೋರ್ಟಿನಲ್ಲಿ ಗೆಲ್ಲೋಕೆ 1937ರವರೆಗೆ ಕಾಯಬೇಕಾಯ್ತು.

ಅತ್ತ ವಾರ್ಮ್ ಸ್ಪ್ರಿಂಗ್ಸ್ ಕೂಡ ಬಿಳಿಯರಿಗೆ ಮಾತ್ರ. ಪೋಲಿಯೊ ಬಂದ ಕಪ್ಪು ಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ. 1941ರಲ್ಲಿ ಟಸ್ಕೀಗಿಯಲ್ಲಿ ಅವರಿಗೆ ಬೇರೆ ಕೇಂದ್ರ ತೆರೆದರು.

ನಾನು ಈ ಸರಣಿ ಬರೆದದ್ದೇ ಇದನ್ನ ಹೇಳೋಕೆ. ನೀರಿನ ವ್ಯಾಯಾಮದ ಇತಿಹಾಸದಲ್ಲಿ ಕೊರತೆ ಇದ್ದದ್ದು ಜ್ಞಾನಕ್ಕಲ್ಲ, ನೀರಿಗೂ ಅಲ್ಲ. ಯಾರು ಇಳಿಯಬಹುದು ಅನ್ನೋ ಅಪ್ಪಣೆಗೆ.

ಆ ಅಪ್ಪಣೆ ಈಗಲೂ ಪೂರ್ತಿ ಸಿಕ್ಕಿಲ್ಲ. ನಮ್ಮ ಕಡೆ ಗಂಡು ಹುಡುಗರು ಹಳ್ಳದ ಗುಂಡಿಯಲ್ಲಿ ಧುಮುಕಿ ಈಜು ಕಲೀತಾರೆ. ಹೆಣ್ಣುಮಕ್ಕಳು ಅದೇ ಹಳ್ಳಕ್ಕೆ ಬಟ್ಟೆ ಒಗೆಯೋಕೆ ಇಳೀತಾರೆ, ಮೊಣಕಾಲಿನವರೆಗೆ ಮಾತ್ರ. ಪೇಟೆಯಲ್ಲಿ ಈಜುಕೊಳ ಇದ್ರೂ ದಪ್ಪ ಇರೋ ಹೆಂಗಸು ಈಜುಡುಗೆ ಹಾಕ್ಕೊಂಡು ನಾಲ್ಕು ಜನರ ಕಣ್ಣೆದುರು ಹೋಗಬೇಕಲ್ಲ, ಅಲ್ಲೇ ಅರ್ಧ ಜನ ವಾಪಸ್.

7/7
ಕೊನೆಯ ಪ್ರಶ್ನೆ: ನೀರಲ್ಲಿ ನಿಜವಾಗ್ಲೂ ತೂಕ ಇಳಿಯತ್ತಾ?

1987ರಲ್ಲಿ ಗ್ರಾಂಟ್ ಗ್ವಿನಪ್ ಅನ್ನೋ ವೈದ್ಯರು, ಊಟ ಕಡಿಮೆ ಮಾಡಿಸದೆ ಬರೀ ವ್ಯಾಯಾಮ ಮಾಡಿಸಿದ ಮಹಿಳೆಯರ ಅಧ್ಯಯನ ಪ್ರಕಟಿಸಿದರು. ನಡೆದವರು, ಸೈಕಲ್ ತುಳಿದವರು ಇಳಿದರು. ಈಜಿದವರು ಇಳಿಯಲೇ ಇಲ್ಲ. ತಣ್ಣೀರಿನಿಂದ ಎದ್ದ ಮೇಲೆ ಹಸಿವು ಜೋರಾಗತ್ತೆ, ಈಜಿ ಬಂದವರಿಗೆಲ್ಲ ಗೊತ್ತು. ಆದರೆ 2007ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಬೊಜ್ಜು ಇದ್ದ ಮಹಿಳೆಯರು 16 ವಾರ ಊಟದ ಹಿಡಿತದ ಜೊತೆ ವ್ಯಾಯಾಮ ಮಾಡಿದರು. ನೀರು ಮತ್ತು ನಡಿಗೆ ಎರಡೂ ಮಾಡಿದವರು, ಬರೀ ನಡೆದವರು, ಇಬ್ಬರೂ ಹೆಚ್ಚುಕಮ್ಮಿ ಒಂದೇ ಥರ ಇಳಿದರು. ಅಂದರೆ ನೀರು ಮ್ಯಾಜಿಕ್ ಅಲ್ಲ. ಊಟದ ಲೆಕ್ಕ ಬೇಕೇ ಬೇಕು. ನೆಲದ ಮೇಲೆ ಶುರು ಮಾಡಲಾರದವರಿಗೆ ಶುರು ಮಾಡೋ ಜಾಗ ಕೊಡೋದು ನೀರಿನ ಕೆಲಸ.

ಈಜು ಬರಲೇಬೇಕು ಅಂತಿಲ್ಲ. ಎದೆಮಟ್ಟದ ನೀರಲ್ಲಿ ಕಂಬಿ ಹಿಡಿದು ಮುಂದೆ ಹಿಂದೆ ನಡೆಯೋದು, ಪಕ್ಕಕ್ಕೆ ಹೆಜ್ಜೆ ಹಾಕೋದು, ನಿಂತಲ್ಲೇ ಮಂಡಿ ಎತ್ತೋದು. ಇಷ್ಟು ಸಾಕು.

⚠️ ಎಚ್ಚರ:
▪️ ಕುತ್ತಿಗೆವರೆಗೆ ನೀರಲ್ಲಿ ನಿಂತರೆ ಸುಮಾರು 700 ಮಿಲಿಲೀಟರ್ ರಕ್ತ ಎದೆಯ ಕಡೆ ಸರಿಯತ್ತೆ. ಹೃದಯದ ತೊಂದರೆ, ಬಿಪಿ ಇರೋರು ಡಾಕ್ಟರನ್ನ ಕೇಳದೆ ಇಳೀಬೇಡಿ.
▪️ ಸಕ್ಕರೆ ಕಾಯಿಲೆ ಇದ್ದು ಕಾಲಲ್ಲಿ ಗಾಯ ಇದ್ದರೆ ಬೇಡ. ಗಾಯ ಇದ್ದವರಿಗೆ ಕೆರೆ, ಹಳ್ಳದ ನೀರಿನಿಂದ ಇಲಿಜ್ವರದ ಭಯವೂ ಇದೆ.
▪️ ಒಬ್ಬರೇ ಇಳಿಯೋದು, ಆಳ ಗೊತ್ತಿಲ್ಲದ ಕಡೆ ಇಳಿಯೋದು, ಮಳೆಗಾಲದಲ್ಲಿ ಹೊಳೆಗೆ ಹೋಗೋದು ಬೇಡವೇ ಬೇಡ. ಸಾತೊಡ್ಡಿ, ಮಾಗೋಡು ನೋಡೋಕೆ ಮಾತ್ರ.

ನಂದೊಳ್ಳಿಯಂಥ ಊರಿಗೆ ಟೈಲ್ಸ್ ಹಾಕಿದ ಈಜುಕೊಳ ಬರಲ್ಲ, ಅದನ್ನ ಕೇಳ್ತಾನೂ ಇಲ್ಲ. ಆದರೆ 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಜಿಲ್ಲೆಗೆ 75 ಕೆರೆಗಳ ಗುರಿ ಇತ್ತು. ಕೆರೆ ಹೂಳೆತ್ತುವಾಗ, ದಂಡೆ ಕಟ್ಟುವಾಗ ಒಂದು ಮೂಲೆ ಬಿಡಿಸಿ ಕೇಳೋಣ: ಗಟ್ಟಿ ತಳ, ಎದೆಮಟ್ಟಕ್ಕಿಂತ ಆಳ ಇಲ್ಲ, ಜಾರದ ಅಗಲ ಮೆಟ್ಟಿಲು, ಹಿಡಿಯೋಕೆ ಕಬ್ಬಿಣದ ಪೈಪು, ಬಟ್ಟೆ ಬದಲಿಸೋಕೆ ಮರೆ, ನೀರಿನ ಪರೀಕ್ಷೆ, ದಿನಕ್ಕೊಂದು ಗಂಟೆ ಹೆಂಗಸರಿಗೆ ಮಾತ್ರ. ಕೆರೆಯ ಒಟ್ಟು ಎಸ್ಟಿಮೇಟಿನಲ್ಲಿ ಒಂದು ಪೈಪಿನ ಕಂಬಿ, ನಾಲ್ಕು ಮೆಟ್ಟಿಲು ದೊಡ್ಡ ಖರ್ಚಲ್ಲ. ಗ್ರಾಮಸಭೆಯಲ್ಲಿ ಕೇಳೋಕೆ ಯಾರಾದರೂ ಕೈ ಎತ್ತಬೇಕು ಅಷ್ಟೇ.

ನಿಮ್ಮೂರಲ್ಲಿ ಅಂಥ ಮೂಲೆ ಇರೋ ಕೆರೆ ಯಾವುದು? ಹೆಸರು ಕೆಳಗೆ ಬರೀರಿ. ಡಾಕ್ಟರ್ "ವಾಕ್ ಮಾಡಿ" ಅಂದಿದ್ದಕ್ಕೆ ಸುಮ್ಮನಾಗಿರೋ ನಿಮ್ಮ ಅಮ್ಮನಿಗೋ ಅತ್ತೆಗೋ ಇದನ್ನ ಓದಿ ಹೇಳಿ. 🙏

#ಯಲ್ಲಾಪುರ #ನಂದೊಳ್ಳಿ #ಉತ್ತರಕನ್ನಡ #ನಮ್ಮಕೆರೆ #ಕನ್ನಡದಲ್ಲಿಇತಿಹಾಸ