ಧಾರವಾಡದ ಶಾಲೆಯ ಬಾಗಿಲಲ್ಲಿ ನಿಂತ ಹುಡುಗ

1856ರ ಜೂನ್ ತಿಂಗಳು. ಧಾರವಾಡದ ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿಕೊಂಡ. ಎಲ್ಲರ ಹಾಗೆ ಫೀಸು ಕಟ್ಟಲು ತಾನು ತಯಾರಿದ್ದರೂ ಊರಿನ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದು ಅವನ ದೂರು. ಅವನು ಧರ್ಮಕ್ಕೆ ಅಕ್ಷರ ಕೇಳಲಿಲ್ಲ. ದುಡ್ಡು ಕೊಡ್ತೀನಿ, ಒಳಗೆ ಬಿಡಿ ಅಂದ. ಅಷ್ಟೇ.

ಜುಲೈ 21ರಂದು ಸರ್ಕಾರದ ತೀರ್ಮಾನ ಬಂತು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಂಡು ಬಾಗಿಲು ಮುಚ್ಚಿತು. ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆಗೆ ಕೈಹಾಕಿದರೆ ವಿದ್ಯಾಭ್ಯಾಸದ ಕೆಲಸಕ್ಕೇ ಪೆಟ್ಟು ಬೀಳುತ್ತದೆ ಎಂಬುದು ಅದು ಕೊಟ್ಟ ಕಾರಣ. ಗೆಳೆಯರೇ, ಈ ಮಾತನ್ನು ನಾವು ಎಲ್ಲೋ ಕೇಳಿದ ಹಾಗಿದೆ ಅಲ್ಲವೇ? 'ನೀನು ಹೇಳೋದು ಸರಿ ಕಣಪ್ಪ, ಆದ್ರೆ ಊರಿನವರು ಒಪ್ಪಲ್ಲ.' ನಮ್ಮ ಊರುಗಳಲ್ಲಿ ಪಂಚಾಯ್ತಿ ಕಟ್ಟೆಯ ಮೇಲೆ ಕೂತವರು ಆಡುವ ಮಾತನ್ನೇ ಅವತ್ತು ಮುಂಬಯಿಯಲ್ಲಿ ಕೂತ ಬಿಳಿಯರು ಇಂಗ್ಲಿಷಿನಲ್ಲಿ ಬರೆದರು.

ಆ ಕಡತ ಕಲ್ಕತ್ತೆಗೆ ಹೋಯಿತು, ಲಂಡನ್ನಿಗೆ ಹೋಯಿತು. 1858ರಲ್ಲಿ ಮುಂಬಯಿ ಸರ್ಕಾರವೇ ಹೊಸ ಮಾತು ಆಡಬೇಕಾಯಿತು. ಪೂರ್ತಿ ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲ ಜಾತಿಗೂ ತೆರೆದಿರತಕ್ಕದ್ದು ಎಂದಿತು. ಅದರ ಜೊತೆಗೇ, ಊರಿನವರ ದುಡ್ಡು ಸೇರಿರುವ ಶಾಲೆಗಳಲ್ಲಿ ಆ ದುಡ್ಡು ಕೊಟ್ಟವರು ಬೇಡ ಎಂದರೆ ಕೀಳುಜಾತಿಯ ಮಕ್ಕಳನ್ನು ಸೇರಿಸುವ ಯೋಚನೆ ತನಗಿಲ್ಲ ಎಂದೂ ಬರೆಯಿತು. ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಅಗುಳಿ ಹಾಕುವುದು ಅಂದರೆ ಇದು. ಇದರ ಫಲ ಏನು? 1881-82ರ ಲೆಕ್ಕ ನೋಡಿ. ಮುಂಬಯಿ ಪ್ರಾಂತದ ಹೈಸ್ಕೂಲುಗಳಲ್ಲಿ ಅಸ್ಪೃಶ್ಯರ ಮಕ್ಕಳ ಸಂಖ್ಯೆ ಸೊನ್ನೆ. ಕಾಲೇಜುಗಳಲ್ಲಿ ಸೊನ್ನೆ.

1928ರಲ್ಲಿ ಸೈಮನ್ ಕಮಿಷನ್ನಿಗೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಹೇಳಿಕೆ ಕೊಡುವಾಗ ಅಂಬೇಡ್ಕರ್ ಈ ಕಡತವನ್ನು ಧೂಳು ಕೊಡವಿ ಹೊರಗೆಳೆದರು. ಅದಕ್ಕೇ ನಮಗೆ ಇವತ್ತು ಆ ಹುಡುಗನ ಕಥೆ ಗೊತ್ತು. ಆದರೆ ಅವರು ಎತ್ತಿ ತೋರಿಸಿದ ಆ ಕಾಗದದಲ್ಲಿ ಅವನಿಗೆ ಹೆಸರಿಲ್ಲ. ಜಾತಿ ಇದೆ, ಊರು ಇದೆ, ಹೆಸರಿಲ್ಲ. ನಮ್ಮ ಚರಿತ್ರೆಯೇ ಹಾಗೆ.

*

ಆ ಹುಡುಗ ಅರ್ಜಿ ಹಾಕುವುದಕ್ಕೆ ಒಂದು ವರ್ಷ ಮುಂಚೆ, ಅದೇ ಮುಂಬಯಿ ಪ್ರಾಂತದಲ್ಲೇ, ಪುಣೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಮುಕ್ತಾ ಸಾಳ್ವೆ ಎಂಬ ಹದಿನಾಲ್ಕರ ಆಸುಪಾಸಿನ ಮಾಂಗ್ ಹುಡುಗಿ ಮಹಾರ್ ಮತ್ತು ಮಾಂಗರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರದ್ದು ಮಾತ್ರವೇ ಆದರೆ ನಮಗೆ ಧರ್ಮಗ್ರಂಥವೇ ಇಲ್ಲ, ಹಾಗಾದರೆ ನಮಗೆ ಧರ್ಮವೂ ಇಲ್ಲವಲ್ಲ ಎಂದು ಅವಳು ದೇವರನ್ನೇ ಕೇಳಿದಳು. ದೊಡ್ಡವರ ಮನೆಗಳ ಪಾಯಕ್ಕೆ ನಮ್ಮ ಜನರನ್ನು ಹೂತರು ಎಂದು ಬರೆದಳು. ಹೆರಿಗೆಯಾದ ನಮ್ಮ ಹೆಂಗಸರಿಗೆ ತಲೆ ಮೇಲೆ ಸೂರೂ ಇಲ್ಲದೆ ಮಳೆ ಚಳಿಯಲ್ಲಿ ನರಳುವುದನ್ನು ಬರೆದಳು.

ಧಾರವಾಡದ ಹುಡುಗನಿಗೆ ಬಾಗಿಲೇ ತೆರೆಯಲಿಲ್ಲ. ಪುಣೆಯ ಹುಡುಗಿ ದೇವರಿಗೇ ಸವಾಲು ಹಾಕಿದಳು. ಇಬ್ಬರ ನಡುವೆ ಇದ್ದ ವ್ಯತ್ಯಾಸ ಬುದ್ಧಿಯದ್ದಲ್ಲ. ಒಂದು ಶಾಲೆಯದ್ದು.

ಆ ಶಾಲೆ ಕಟ್ಟಿದವರು ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ. 1848ರಲ್ಲಿ ಪುಣೆಯ ಭಿಡೆವಾಡದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆಗೆದರು. ಆಮೇಲೆ ಮಹಾರ್, ಮಾಂಗ್ ಮಕ್ಕಳಿಗೆ ಶಾಲೆ ತೆಗೆದರು. ಮೇಷ್ಟ್ರಾಗಿ ನಿಂತವಳು ಗಂಡನಿಂದ ಅಕ್ಷರ ಕಲಿತ ಮಾಲಿ ಜಾತಿಯ ಹೆಣ್ಣುಮಗಳು. ದಾರಿಯಲ್ಲಿ ಅವಳ ಮೇಲೆ ಸಗಣಿ, ಕೆಸರು ಎಸೆಯುತ್ತಿದ್ದರು. ಅದಕ್ಕೇ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದಳು ಎಂದು ಜನ ಇಂದಿಗೂ ನೆನೆಯುತ್ತಾರೆ. ನಮ್ಮ ಹಳ್ಳಿಯ ಮೇಷ್ಟ್ರುಗಳು ಈ ಎರಡನೇ ಸೀರೆಯನ್ನು ಮರೆಯಬಾರದು. ಹೊಸ ಶಿಕ್ಷಣ ಅಂದರೆ ಹೊಸ ಪುಸ್ತಕ ಮಾತ್ರ ಅಲ್ಲ. ಯಾರು ಕಲಿಸುತ್ತಾರೆ, ಯಾರಿಗೆ ಕಲಿಸುತ್ತಾರೆ, ಕಲಿತವರು ಏನು ಕೇಳುವ ಹಾಗಾಗುತ್ತಾರೆ, ಇದರಲ್ಲಿದೆ ಹೊಸತನ.

1882ರಲ್ಲಿ ಹಂಟರ್ ಕಮಿಷನ್ನಿನ ಮುಂದೆ ಫುಲೆ ಇದನ್ನೇ ಬಿಡಿಸಿ ಹೇಳಿದರು. ರೈತನ ತೆರಿಗೆಯಿಂದ ಮೇಲ್ಜಾತಿಯವರ ಕಾಲೇಜು ನಡೆಯುತ್ತಿದೆ, ರೈತನ ಮಗನಿಗೆ ಅಕ್ಷರವಿಲ್ಲ ಅಂದರು. ಹನ್ನೆರಡು ವರ್ಷದವರೆಗಾದರೂ ಓದು ಕಡ್ಡಾಯವಾಗಲಿ, ಮೇಷ್ಟ್ರುಗಳು ಉಳುವ ಜನರ ನಡುವಿನಿಂದಲೇ ಬರಲಿ, ಪಾಠದಲ್ಲಿ ಬೇಸಾಯ ಇರಲಿ, ಲೆಕ್ಕ ಇರಲಿ, ಆರೋಗ್ಯ ಇರಲಿ ಎಂದು ಕೇಳಿದರು. ಮೇಲಿಂದ ಸುರಿದರೆ ವಿದ್ಯೆ ತಾನಾಗಿಯೇ ಕೆಳಕ್ಕೆ ಇಳಿಯುತ್ತದೆ ಎಂಬ ಅಂದಿನ ಸರ್ಕಾರಿ ಸಿದ್ಧಾಂತವನ್ನು ಅವರು ನಂಬಲಿಲ್ಲ. ಮೇಲಿನ ಹೊಲದವನು ಕಟ್ಟೆ ಹಾಕಿಕೊಂಡರೆ ಕೆಳಗಿನ ಗದ್ದೆಗೆ ನೀರು ಬರುವುದಿಲ್ಲ. ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

*

ನಮ್ಮ ಅವ್ವ ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತವಳು. ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವನು ನಾನು. ಹಳ್ಳಿ ಶಾಲೆಗೆ ನನ್ನನ್ನು ಸೇರಿಸಿಕೊಂಡರು, ಬೆಂಚೂ ಇತ್ತು. ಆದರೆ ಒಂದೇ ಕೋಣೆಯ ಮನೆ. ಸಂಜೆಯಾದರೆ ಕರೆಂಟು ಇರುತ್ತಿರಲಿಲ್ಲ, ಬೆಳಿಗ್ಗೆಯಾದರೆ ಕೂಲಿ ಕರೆಯುತ್ತಿತ್ತು. ಏಳನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಸ್ಕಾಲರ್‌ಶಿಪ್ ಫಾರಂ ತುಂಬಿಸುವಾಗ ನಮ್ಮನ್ನು ಎದ್ದು ನಿಲ್ಲಿಸಿ ಒಬ್ಬೊಬ್ಬರ ಜಾತಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕ್ಲಾಸು ನಗುತ್ತಿತ್ತು. ಶಾಲೆ ಬಿಡ್ತೀನಿ ಅಂದೆ. ಅವ್ವ ಅಂದಳು: 'ನಗೋರು ನಗ್ಲಿ ಮಗ, ನೀನು ಹಾಸ್ಟೆಲಿಗೆ ಹೋಗು. ಅಲ್ಲಿ ಎರಡು ಹೊತ್ತು ಅನ್ನ ಹಾಕ್ತಾರಂತೆ, ರಾತ್ರಿ ದೀಪ ಉರೀತದಂತೆ.'

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಧಾರವಾಡದ ಕಡತ ಬರೆದ ದೊರೆಗಳಿಗೆ ತಿಳಿಯದ ಸತ್ಯ ಅವಳಿಗೆ ತಿಳಿದಿತ್ತು. ಬಾಗಿಲು ತೆರೆದರೆ ಸಾಲದು. ಅನ್ನ ಬೇಕು, ದೀಪ ಬೇಕು, ತಲೆ ತಗ್ಗಿಸದೆ ಕೂರಲು ಒಂದು ಮೂಲೆ ಬೇಕು.

ಈ ಸತ್ಯವನ್ನು ಹಿಡಿದು ಕೆಲಸ ಮಾಡಿದವರ ಒಂದು ಸಾಲೇ ಇದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ, ಹಾಸ್ಟೆಲು, ಕೈಕಸುಬು ಮೂರನ್ನೂ ಸೇರಿಸಿದರು. ಅದಕ್ಕಾಗಿ ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಕೊಲ್ಲಾಪುರದ ಶಾಹು ಮಹಾರಾಜರು 1908ರಲ್ಲಿ ಅಸ್ಪೃಶ್ಯ ಹುಡುಗರಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆದರು. 1919ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಸ್ಪೃಶ್ಯರಿಗೆಂದು ಬೇರೆ ಶಾಲೆ ಬೇಡ, ಎಲ್ಲರ ಜೊತೆಗೇ ಕೂರಲಿ ಎಂದು ಆಜ್ಞೆ ಹೊರಡಿಸಿದರು.

ಅಂಬೇಡ್ಕರರಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತು ಓದಿದವರು ಅವರು. 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು ತೆಗೆದರು. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿ ಹೈಸ್ಕೂಲು ಹುಡುಗರಿಗಾಗಿ ಐದು ಹಾಸ್ಟೆಲುಗಳನ್ನು ನಡೆಸಲು ನಿಂತರು. ಸರ್ಕಾರದ ಅನುದಾನ ಸಾಲುತ್ತಿರಲಿಲ್ಲ, ಚಂದಾ ಎತ್ತಬೇಕಾಗಿತ್ತು. ಪನವೇಲ್, ಠಾಣೆ, ನಾಸಿಕ್, ಪುಣೆ. ಐದನೆಯದು ಯಾವ ಊರು ಗೊತ್ತೇ?

ಧಾರವಾಡ.

ಹೆಸರಿಲ್ಲದ ಹುಡುಗ ವಾಪಸು ಹೋದ ಊರಿಗೇ ಎಪ್ಪತ್ತು ವರ್ಷ ಕಳೆದ ಮೇಲೆ ಅವನ ಮೊಮ್ಮಕ್ಕಳ ಕಾಲದವರು ಟ್ರಂಕು ಹಿಡಿದುಕೊಂಡು ಬಂದರು. ಅವನ ಕಡತವನ್ನು ಸೈಮನ್ ಕಮಿಷನ್ನಿನ ಮುಂದಿಟ್ಟ ಮನುಷ್ಯನೇ ಅವರಿಗೆ ಅನ್ನ ದೀಪ ಇಟ್ಟ. ಆ ಅರ್ಜಿಗೆ ನಿಜವಾದ ಉತ್ತರ ಸಿಕ್ಕಿದ್ದು ಆವಾಗ.

*

ಹಾಸ್ಟೆಲು ಬರೀ ಊಟದ ಮನೆಯಲ್ಲ. ಬೇರೆ ಬೇರೆ ಕೇರಿಗಳಲ್ಲಿ ಒಂಟಿಯಾಗಿ ಅವಮಾನ ನುಂಗಿದ ಹುಡುಗರು ಒಂದೇ ಕೋಣೆಯಲ್ಲಿ ಮಲಗಿ ರಾತ್ರಿ ಮಾತಾಡಿದಾಗ 'ಅರೆ, ನಿಮ್ಮೂರಲ್ಲೂ ಹಿಂಗೇನಾ?' ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಯಿಂದ ಸಂಘಟನೆ ಹುಟ್ಟುತ್ತದೆ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಓದಿದ ಸಿದ್ದಲಿಂಗಯ್ಯನವರು ಕನ್ನಡ ಕಾವ್ಯದ ದನಿಯನ್ನೇ ಬದಲಾಯಿಸಿದರು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಕಲ್ಲು ಬಿದ್ದದ್ದೂ ದಲಿತ ವಿದ್ಯಾರ್ಥಿಗಳ ಮೇಲೆ, ತಿರುಗಿ ನಿಂತವರೂ ಅವರೇ. ಆಮೇಲೆ ಕಟ್ಟಿದ ದಲಿತ ಸಂಘರ್ಷ ಸಮಿತಿಗೆ ಆ ಹಾಸ್ಟೆಲುಗಳ ಹುಡುಗರು ಹೆಗಲು ಕೊಟ್ಟರು. ತಾವು ಓದಿ ಕೆಲಸ ಹಿಡಿದು ಸುಮ್ಮನಾಗಲಿಲ್ಲ, ಕೇರಿಗೆ ವಾಪಸು ಬಂದರು, ಜೀತದ ಮಾತು ಎತ್ತಿದರು, ಭೂಮಿಯ ಮಾತು ಎತ್ತಿದರು. ಒಬ್ಬನ ಓದು ಒಂದು ಕೇರಿಯ ಬದುಕಾಗುವುದು ಹೀಗೆ.

ಇವತ್ತು ನಮ್ಮಲ್ಲಿ ಹಾಸ್ಟೆಲು ಬಿಟ್ಟು ಬಂದವರೇ ಹಾಸ್ಟೆಲಿನ ಕಡೆ ತಿರುಗಿ ನೋಡುತ್ತಿಲ್ಲ. ನಾನಿದ್ದ ಹಾಸ್ಟೆಲಿನಲ್ಲಿ ಪುಸ್ತಕದ ಬೀರುವಿಗೆ ಬೀಗ ಬಿದ್ದಿತ್ತು, ಬೀಗದಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಸಾರು ನೀರಾದರೆ ನಾವು ಜಗಳ ಆಡಿದೆವು. ಬೀರುವಿನ ಬೀಗಕ್ಕೆ ಜಗಳ ಆಡಲಿಲ್ಲ. ಆ ತಪ್ಪು ನನ್ನದೂ ಹೌದು. ಸಾರು ಕೇಳಿದ ಗಂಟಲಲ್ಲೇ ಪುಸ್ತಕವನ್ನೂ ಕೇಳಬೇಕಾಗಿತ್ತು.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ತಾಲ್ಲೂಕಿನ ಹಾಸ್ಟೆಲಿಗೆ ಒಂದು ಸಂಜೆ ಹೋಗಿ. ಅನ್ನ ನೋಡಿ, ದೀಪ ನೋಡಿ, ಬೀರು ತೆಗೆಸಿ. ಮಕ್ಕಳ ಮುಂದೆ ಕೂತು ಮುಕ್ತಾಳ ಕಥೆ ಹೇಳಿ, ಅವರವರ ಕೇರಿಯ ದುಃಖವನ್ನು ಅವರವರ ಮಾತಲ್ಲೇ ಬರೆಯಲು ಹೇಳಿ. ತಪ್ಪು ಕಾಗುಣಿತ ಆಮೇಲೆ ತಿದ್ದಿದರಾಯಿತು.

ಪ್ರತಿಯೊಬ್ಬರ ಕೈಯಲ್ಲೂ ಬರೆದವರ ಹೆಸರು ಹಾಕಿಸುವುದನ್ನು ಮಾತ್ರ ಮರೆಯಬೇಡಿ.