ಬಾದಾಮಿಯ ಉಳಿ, ಕಂಚಿಯ ಪಾಠ

ಶಿಲ್ಪ, ಚಿತ್ರ, ವಾಸ್ತು ಕಲಿಯಬಯಸುವ ಯುರೋಪಿನ ತರುಣರಿಗೆ ಬಹುಕಾಲದಿಂದ ಇಟಲಿಯೇ ಗುರುಕುಲ. ಜರ್ಮನಿಯ ಡ್ಯೂರರ್ ವೆನಿಸಿಗೆ ಹೋದ. ಇಂಗ್ಲೆಂಡಿನ ಇನಿಗೊ ಜೋನ್ಸ್ 1613ರಲ್ಲಿ ಇಟಲಿಗೆ ಹೊರಟು ಹಳೆಯ ಕಟ್ಟಡಗಳನ್ನು ಕಣ್ಣಾರೆ ಕಂಡು ಬಂದ. ಫ್ರಾನ್ಸಿನ ದೊರೆ 14ನೆಯ ಲೂಯಿಯ ಕಾಲಕ್ಕೆ, 1666ರಲ್ಲಿ, ಆ ನಾಡಿನ ಕಲಾವಿದರಿಗಾಗಿ ರೋಮಿನಲ್ಲಿ ಒಂದು ಅಕಾಡೆಮಿಯೇ ತೆರೆಯಿತು. ಹೀಗೆ ಪರನಾಡಿನ ಪಟ್ಟಣದಲ್ಲಿ ಕಣ್ಣು ಪಳಗಿಸಿಕೊಂಡು ಬರುವ ಪದ್ಧತಿ ನಮ್ಮಲ್ಲಿ ಇದ್ದಿತೆ? ಬಾದಾಮಿ ತಾಲೂಕಿನ ಪಟ್ಟದಕಲ್ಲಿನಲ್ಲಿ ಇದರ ಉತ್ತರ ಕಲ್ಲಾಗಿ ನಿಂತಿದೆ. ನಮ್ಮ ಆಚಾರಿಗಳ ಪಾಲಿಗೆ ರೋಮ್ ಆದದ್ದು ಪಲ್ಲವರ ಕಂಚಿ.

ಕಂಚಿ ಮಿತ್ರರ ಊರಲ್ಲ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು, ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಕೊರೆಯಿಸಿ, ‘ವಾತಾಪಿಕೊಂಡ’ ಎನಿಸಿಕೊಂಡ. ನೂರು ವರ್ಷವಾದರೂ ಆ ಗಾಯ ಮಾಯಲಿಲ್ಲ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಹೊಕ್ಕಾಗ ಊರನ್ನು ಸುಡಲು ಬೇಕಾದಷ್ಟು ಕಾರಣವಿತ್ತು. ಅವನು ಸುಡಲಿಲ್ಲ. ರಾಜಸಿಂಹೇಶ್ವರ, ಅಂದರೆ ಇಂದಿನ ಕೈಲಾಸನಾಥ ಗುಡಿಯ ಐಶ್ವರ್ಯವನ್ನು ಕಂಡು, ಅದನ್ನು ದೇವರಿಗೇ ಮರಳಿ ಬಿಟ್ಟ. ಹಾಗೆಂದು ಹೇಳುವ ಕನ್ನಡ ಶಾಸನ ಆ ಗುಡಿಯ ಕಂಬದ ಮೇಲೆಯೇ ಇದೆ. ತಮಿಳುನಾಡಿನ ನಡುವೆ ಕನ್ನಡ ಬರಹವನ್ನು ಕಂಡರಿಸಬೇಕಾದರೆ ಕನ್ನಡ ಬಲ್ಲ ಕೈ ಬೇಕಲ್ಲವೆ? ದಂಡಿನ ಸಂಗಡ ಉಳಿ ಸುತ್ತಿಗೆಯವರೂ ಹೋಗಿದ್ದರೆಂದು ನಾನು ನಂಬುವುದು ಇದರಿಂದಲೇ.

ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಗುಡಿಯನ್ನು ಕಟ್ಟಿಸಿದಳು. ಈಗ ಅದು ವಿರೂಪಾಕ್ಷ ಗುಡಿ. ಮೂರು ಸಲ ಕಂಚಿಯನ್ನು ಗೆದ್ದ ಅರಸನ ರಾಣಿ ಇದನ್ನು ಕಟ್ಟಿಸಿದಳೆಂದೂ, ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತೆಂದೂ ಅಲ್ಲಿಯ ಶಾಸನ ಹೇಳುತ್ತದೆ. ಗುಡಿ ಕಟ್ಟಿದವನ ಹೆಸರು ಕಟ್ಟಿಸಿದವಳ ಹೆಸರಿನ ಜೊತೆಗೇ ಉಳಿದದ್ದು ನಮ್ಮ ದೇಶದಲ್ಲಿ ಅಪರೂಪದ ಭಾಗ್ಯ.

ಕಂಚಿಯ ಶಿಲ್ಪಿಗಳನ್ನೇ ಹಿಡಿದು ತಂದು ಕಟ್ಟಿಸಿದರೆನ್ನುವವರುಂಟು. ಒಬ್ಬಿಬ್ಬರು ಬಂದಿದ್ದರೂ ಬಂದಿರಬಹುದು. ಇಡಿಯ ಗುಡಿ ಅವರದೆಂಬುದನ್ನು ಮಾತ್ರ ನಾನು ಒಪ್ಪಲಾರೆ. ಗುಡಿಯನ್ನು ಒಂದು ಸುತ್ತು ಬಂದು ನೋಡಿರಿ. ಸುತ್ತಣ ಪ್ರಾಕಾರ, ಅದಕ್ಕೆ ಒರಗಿದ ಚಿಕ್ಕ ಚಿಕ್ಕ ಗುಡಿಗಳು, ನೆಲೆ ನೆಲೆಯಾಗಿ ಏರುವ ವಿಮಾನ, ಇವೆಲ್ಲ ಕೈಲಾಸನಾಥವನ್ನು ನೆನಪಿಗೆ ತರುತ್ತವೆ. ಆದರೆ ವಿಮಾನದ ಮುಂದಕ್ಕೆ ಚಾಚಿದ ಶುಕನಾಸಿ ಕಂಚಿಯದಲ್ಲ. ಮಂಟಪದ ಗೋಡೆಯ ಜಾಲಂಧ್ರಗಳು ನಮ್ಮವು. ಕಂಚಿಯಲ್ಲಿ ಮೂಲೆಮೂಲೆಗೂ ಹಿಂಗಾಲೂರಿ ನಿಂತ ಸಿಂಹಗಳ ಸಾಲು ಇಲ್ಲಿಲ್ಲ. ನೆಲೆಗಟ್ಟಿನ ವಿಮಾನವೂ ನಮ್ಮವರಿಗೆ ಹೊಸದಾಗಿರಲಿಲ್ಲ. ಬಾದಾಮಿಯ ಮಾಲೆಗಿತ್ತಿ ಶಿವಾಲಯದಲ್ಲಿ ಅದು ಒಂದು ಶತಮಾನ ಮೊದಲೇ ಮೂಡಿತ್ತು. ಹುನಗುಂದ ತಾಲೂಕಿನ ಐಹೊಳೆಯಲ್ಲಂತೂ ತಲೆಮಾರುಗಳಿಂದ ಗುಡಿಗೊಂದು ಬಗೆಯ ಪ್ರಯೋಗ ನಡೆದಿತ್ತು. ಅಕ್ಷರ ಬಲ್ಲವನೇ ಕಂಚಿಗೆ ಕಾವ್ಯ ಓದಲು ಹೋದನೆನ್ನಬೇಕು.

ಕಲಿತದ್ದು ಒಬ್ಬನಲ್ಲಿಯೇ ನಿಲ್ಲಲಿಲ್ಲ. ಪಕ್ಕದ ಪಾಪನಾಥ ಗುಡಿಯ ಶಾಸನ ರೇವಡಿ ಓವಜ್ಜನೆಂಬ ಶಿಲ್ಪಿಯನ್ನು ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿಸಿ ಹೇಳುತ್ತದೆ. ‘ಓವಜ್ಜ’ ಎಂದರೆ ಉಪಾಧ್ಯಾಯ. ‘ಓಜ’ ಎಂಬ ನಮ್ಮ ಹಳೆಯ ಮಾತೂ ಅದೇ. ಕಲ್ಲು ಕೆತ್ತುವವನನ್ನೂ ಪಾಠ ಹೇಳುವವನನ್ನೂ ಕನ್ನಡಿಗರು ಒಂದೇ ಹೆಸರಿನಿಂದ ಕರೆದರು.

ಚಾಲುಕ್ಯರ ರಾಜ್ಯ ಹೆಚ್ಚು ದಿನ ಬಾಳಲಿಲ್ಲ. 757ರ ಹೊತ್ತಿಗೆ ಅದು ರಾಷ್ಟ್ರಕೂಟರ ಪಾಲಾಯಿತು. ಬಳಿಕ ಒಂದನೆಯ ಕೃಷ್ಣ ಎಲ್ಲೋರದ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಸುತ್ತ ಕೈಲಾಸ ಗುಡಿಯನ್ನು ಬಿಡಿಸಿ ತೆಗೆಸಿದಾಗ, ಆ ಶಿಲ್ಪಿಗಳ ಕಣ್ಣ ಮುಂದಿದ್ದ ಮಾದರಿ ಪಟ್ಟದಕಲ್ಲಿನ ವಿರೂಪಾಕ್ಷ.